ಕೋಲು ಹಿಡಿಯುವವನು

ಸೊಹಾರಿನ ಹಿಂದೆ, ಬಂದರಿನ ಚಿಮಣಿಗಳಾಚೆ,
ಇನ್ನೂ ಹೆಸರಿಡದ ಬಯಲು.
ಬೆಳಿಗ್ಗೆ ಐದೂವರೆಗೇ ನಾವಿಬ್ಬರು:
ಮುಕ್ಕಾಲಿಯ ಮೇಲೆ ಲೆವೆಲ್ ಕೂರಿಸಿ
ಒಂದು ಕಣ್ಣು ಮುಚ್ಚಿ ನಾನು,
ಎಂಬತ್ತು ಹೆಜ್ಜೆ ದೂರದಲ್ಲಿ
ಕೆಂಪು-ಬಿಳಿ ಅಳತೆಯ ಕೋಲು ಹಿಡಿದು
ಎಬೆನೇಜರ್ ಜತ್ತನ್ನ.

ಮೂವತ್ತೊಂದು ವರ್ಷ ಹಿಡಿದಿದ್ದಾನೆ.
ಯಾರ್ಯಾರದೋ ಗೋದಾಮು, ಯಾರ್ಯಾರದೋ ವಿಲ್ಲಾ,
ಒಂಟೆ ಓಟದ ಮೈದಾನ, ಒಂದು ಮಸೀದಿಯ ಅಂಗಳ,
ಎಲ್ಲದರ ಮೂಲೆಯಲ್ಲೂ ಮೊದಲು ನಿಂತವನು ಇವನು,
ಗೂಟ ಹೊಡೆದು ಪಕ್ಕಕ್ಕೆ ಸರಿದವನು.
ಮೂಲ್ಕಿಯಲ್ಲಿ ಹದಿನೆಂಟು ಸೆಂಟ್ಸು ಇತ್ತಂತೆ.
ತಮ್ಮ ಕೇಳಿದ. ಇವನು ಸಹಿ ಹಾಕಿದ.
"ಅವನಿಗೆ ಮೂರು ಹೆಣ್ಣುಮಕ್ಕಳು" ಎನ್ನುತ್ತ
ಖುಬ್ಬೂಸು ಮುರಿದು ಬೇಳೆಗೆ ಅದ್ದಿದ.

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು,
ಬೆಟಗೇರಿಯ ನಮ್ಮಜ್ಜಿ ಹೇಳುತ್ತಿದ್ದಳು.
ಭಾನುವಾರ ಚರ್ಚಿನಲ್ಲಿ ಮೊದಲ ಬೆಂಚು,
ಸೋಮವಾರ ನಳದ ಮುಂದೆ ಕೊಡ ಎತ್ತಿ ಜಗಳ.
ನಾನು ಅವಳ ಮೊಮ್ಮಗ.

ಶುಕ್ರವಾರ, ಮಲಯಾಳಿಗಳ ಆರಾಧನೆ ಮುಗಿದು
ಫಿಲಿಪಿನೋಗಳದು ಶುರುವಾಗುವ ನಡುವೆ
ನಮ್ಮ ಕನ್ನಡಕ್ಕೆ ಮುಕ್ಕಾಲು ಗಂಟೆ.
ಅಂದು ಗುಡ್ಡದ ಮೇಲಿನ ಮಾತು:
ಶಾಂತರ ಪಾಲಿಗಂತೆ ಭೂಮಿ.
ಹಿಂದಿನ ಸಾಲಲ್ಲಿ ಲೆಕ್ಕ ಹಾಕಿದೆ.
ಇಲ್ಲಿ ಒಂದು ಗೇಣೂ ನಮ್ಮ ಹೆಸರಿಗಾಗದು,
ವೀಸಾ ಎರಡು ವರ್ಷದ್ದು,
ಮೂಲ್ಕಿಯದು ತಮ್ಮನ ಪಾಲು.
ಯಾವ ಭೂಮಿ, ಎಬೆನೇಜರ್?
ಅವನು ಕಣ್ಮುಚ್ಚಿ ಕೂತಿದ್ದ,
ಬಹುಶಃ ನಿದ್ದೆ.

ಆಮೇಲೆ ಆ ಮಂಗಳವಾರ.
ಚರಂಡಿ ನೀರು ಹಿಂದಕ್ಕೆ ಹರಿಯಿತು.
ಫೀಲ್ಡ್ ಬುಕ್ಕಿನಲ್ಲಿ ಮೂರರ ಜಾಗಕ್ಕೆ ಎಂಟು,
ಬರೆದವನು ನಾನು.
ಎಂಜಿನಿಯರ್ ಬಂದವನೇ ಅವನ ಮೇಲೆ ಹರಿಹಾಯ್ದ:
ಮುದಿಕತ್ತೆ, ಕೋಲು ಹಿಡಿಯಲೂ ಬಾರದೆ ನಿನಗೆ?
ಜತ್ತನ್ನ ನನ್ನ ಕಡೆ ನೋಡಲಿಲ್ಲ.
ನೋಡಿದ್ದರೆ ಒಪ್ಪಿಕೊಳ್ಳುತ್ತಿದ್ದೆ
ಎಂದು ಇಂದಿಗೂ ಹೇಳಿಕೊಳ್ಳುತ್ತೇನೆ.
ಮೂರು ದಿನದ ಸಂಬಳ ಹೋಯಿತು, ಅವನದು.
ಸಂಜೆ ಕ್ಯಾಂಪಿನಲ್ಲಿ ರೇಗಿದ್ದೂ ನಾನೇ:
ಬಾಯಿಲ್ಲವೇ ನಿನಗೆ? ಎರೆಹುಳವೇ ನೀನು?
ಬನಿಯನ್ ಹಿಂಡುತ್ತ ಅಂದ:
"ಚರಂಡಿ ಸರಿಹೋಯ್ತಲ್ಲ."

ಹೇಡಿ ಎಂದುಕೊಂಡೆ.
ಹಾಗೆಂದುಕೊಂಡು ಎರಡು ತಿಂಗಳು ಹಾಯಾಗಿದ್ದೆ.

ಜೂನಿನಲ್ಲಿ, ಕುಲುಮೆಯ ಬಾಯಿಂದ ಬಂದಂಥ ಗಾಳಿಗೆ
ಸಿಲ್ಹೆಟಿನ ಹೊಸ ಹುಡುಗ ತೊಫಜ್ಜಲ್
ಗೂಟದ ಚೀಲ ಬೀಳಿಸಿ ಕುಸಿದು ಕೂತ.
ಅದೇ ಎಂಜಿನಿಯರ್ ಕೈ ಎತ್ತಿದ.
ನಡುವೆ ಕೋಲು ಬಂತು. ನೆಟ್ಟಗೆ.
ಕೋಲಿನ ಹಿಂದೆ ಜತ್ತನ್ನ, ಟೋಪಿ ತೆಗೆದು,
ಊಟಕ್ಕೆ ಕರೆಯುವ ದನಿಯಲ್ಲಿ:
"ಸಾರ್, ಅವನಿಗೆ ಬೇಡ."
ಅಷ್ಟೇ.
ಎತ್ತಿದ ಕೈ ಇಳಿಯುವ ದಾರಿ ಕಾಣದೆ
ಕನ್ನಡಕ ಸರಿಮಾಡಿಕೊಂಡಿತು.

ತನಗೆ ಬಿದ್ದಾಗ ಇಲ್ಲದ ಬಾಯಿ
ಎಲ್ಲಿತ್ತು ಅಷ್ಟು ದಿನ?
ಹುಡುಗನ ನೆತ್ತಿಗೆ ನೀರು ತಟ್ಟುತ್ತಿದ್ದ.
ಕೇಳಲಿಲ್ಲ.

ಸರ್ವೆಯ ಒಂದು ಗುಟ್ಟು ಹೇಳುತ್ತೇನೆ.
ಕೋಲು ನೆಟ್ಟಗಿದೆಯೋ ಇಲ್ಲವೋ ದೂರಕ್ಕೆ ತಿಳಿಯದು.
ಅದಕ್ಕೇ ಹಿಡಿದವನು ಮೆಲ್ಲಗೆ ತೂಗುತ್ತಾನೆ,
ನನ್ನ ಕಡೆಗೆ, ತನ್ನ ಕಡೆಗೆ,
ಮಗುವನ್ನು ತೂಗಿದ ಹಾಗೆ.
ಅಂಕಿ ಇಳಿಯುತ್ತದೆ, ಏರುತ್ತದೆ, ಇಳಿಯುತ್ತದೆ.
ವಾಲಿದ ಕೋಲು ಯಾವತ್ತೂ ಹೆಚ್ಚೇ ತೋರಿಸುವುದು.
ಎಲ್ಲಕ್ಕಿಂತ ಕಡಿಮೆ ಅಂಕಿ ಎಲ್ಲಿಯೋ
ಅಲ್ಲಿ ಅದು ನೆಟ್ಟಗಿರುತ್ತದೆ.
ಅದನ್ನೇ ಬರೆದುಕೊಳ್ಳಬೇಕು.
ಹದಿನಾಲ್ಕು ವರ್ಷ ಬರೆದುಕೊಂಡಿದ್ದೇನೆ
ಅರ್ಥ ಕೇಳದೆ.

ಎಂಟು ಬರೆದ ಆ ಪುಟ ಇನ್ನೂ ನನ್ನ ಜೇಬಿನಲ್ಲಿದೆ.
ಎರಡು ಸಲ ಆಫೀಸಿನ ಬಾಗಿಲತನಕ ಹೋಗಿ
ಎ.ಸಿ.ಯ ತಣ್ಪಿಗೆ ನಿಂತು ಬಂದೆ.

"ಬಂತಾ?" ದೂರದಿಂದ ಕೂಗುತ್ತಾನೆ ಎಬೆನೇಜರ್,
ಯಾರ ಹೆಸರಿಗೂ ಇನ್ನೂ ಬರೆಸಿರದ ನೆಲದ ಮೇಲೆ
ಎರಡೂ ಅಂಗಾಲೂರಿ.
ತಡಿ ಮಾರಾಯ, ಎನ್ನುತ್ತೇನೆ.
ಇನ್ನೊಂದು ಸಲ ತೂಗು.